ಒಂದು ಗೆರೆಯ ತಿದ್ದುಪಡಿ

ವಿಭಾಗದ ಮುಖ್ಯಸ್ಥರ ಕುರ್ಚಿ ತಮಗೇ ಎಂದು ಮೇಷ್ಟ್ರು ಎಂಟು ವರ್ಷದಿಂದ ನಂಬಿದ್ದರು. ಅದು ಹೋದದ್ದು ತಮಗಿಂತ ಆರು ವರ್ಷ ಕಿರಿಯಳಿಗೆ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಜನ ಆಡುವ ಮಾತು. ಮೇಡಂ ಬಂದಮೇಲೆ ಹಾಜರಿ ಪುಸ್ತಕವೂ ಸುಳ್ಳು ಹೇಳುವುದು ಬಿಟ್ಟಿದೆ ಎಂದು ಗುಮಾಸ್ತ ಇವರೆದುರೇ ನಕ್ಕಿದ್ದ. ಅವರು ತುಂಬಾ ಒಳ್ಳೆಯವರಂತೆ ಹೌದಾ ಎಂದು ಹೆಂಡತಿ ಕೇಳಿದ ದಿನ ಮೇಷ್ಟ್ರು ಅರ್ಧ ಊಟಕ್ಕೇ ಕೈ ತೊಳೆದರು.

ಕೆಡವುವುದಾದರೆ ಆ ಒಳ್ಳೆಯ ಹೆಸರನ್ನೇ ಕೆಡವಬೇಕು. ಮೇಡಂ ತಂಗಿಯ ಮಗಳು ಅದೇ ವಿಭಾಗದಲ್ಲಿ ಕೊನೆಯ ವರ್ಷ ಓದುತ್ತಿದ್ದಳು, ಅದೂ ಮೇಡಂ ಕಲಿಸುವ ವಿಷಯವನ್ನೇ. ಉತ್ತರ ಪತ್ರಿಕೆಗಳ ಕಪಾಟು ಮೇಷ್ಟ್ರ ಸುಪರ್ದಿಯಲ್ಲಿತ್ತು. ಆ ವಿಷಯದ ಪತ್ರಿಕೆಗಳನ್ನು ಪ್ರತಿ ವರ್ಷ ತಿದ್ದುತ್ತಿದ್ದವರೂ ಮೇಡಂ. ಮೌಲ್ಯಮಾಪನವಾಗಿ ಪರೀಕ್ಷಾ ವಿಭಾಗದಿಂದ ಕಟ್ಟು ಬಂದಾಗ ಹುಡುಗಿಯ ಅಂಕ ನೋಡಿದರು. ಐವತ್ತೆರಡು. ಐದನ್ನು ಎಂಟು ಮಾಡಲು ಒಂದು ಗೆರೆ ಸಾಕು.

ತಿದ್ದುಪಡಿಯ ಪಕ್ಕದಲ್ಲಿ ಮೇಡಂ ಚಿಕ್ಕ ಸಹಿ ಬೇಕಿತ್ತು. ಅದಕ್ಕೆ ಮಾದರಿ ಮೇಷ್ಟ್ರ ಬಳಿಯೇ ಇತ್ತು, ಮೇಡಂ ಮಂಜೂರು ಮಾಡಿದ ಇವರದೇ ರಜೆ ಅರ್ಜಿಗಳು. ಒಂದು ನೋಟ್‌ಬುಕ್ ತುಂಬ ಅಭ್ಯಾಸ ಮಾಡಿ, ಹಾಳೆಗಳನ್ನು ಚೂರು ಮಾಡಿ, ಮೂರು ಬೀದಿಯ ಕಸದ ತೊಟ್ಟಿಗಳಿಗೆ ಹಂಚಿದರು. ಗುರುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕೆಲಸ ಮುಗಿಸಿದರು. ಬಾಗಿಲು ಹಾಕಲಿಲ್ಲ, ಹಾಕಿದ ಬಾಗಿಲನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಒಳಗಿನ ಪುಟಗಳ ಅಂಕ ಮುಟ್ಟಲಿಲ್ಲ. ಕೂಡಿದವರಿಗೆ ಐವತ್ತೆರಡೇ ಸಿಗಬೇಕು, ಮೋಸ ಕಣ್ಣಿಗೆ ಹೊಡೆಯಬೇಕು. ಕುಲಪತಿಗಳಿಗೆ ಬರೆದ ಅನಾಮಧೇಯ ದೂರಿನಲ್ಲಿ ಬೇಕೆಂದೇ ಎರಡು ಕಾಗುಣಿತ ತಪ್ಪು ಸೇರಿಸಿದರು. ಇಡೀ ಕೆಲಸದಲ್ಲಿ ಅವರ ಮನಸ್ಸಿಗೆ ನೋವಾದದ್ದು ಅಲ್ಲಿ ಮಾತ್ರ.

ಹತ್ತು ದಿನಕ್ಕೆ ಕರೆ ಬಂತು. ಪತ್ರಿಕೆಗಳ ಕಟ್ಟು ಹಿಡಿದು ಮೇಷ್ಟ್ರು ಕುಲಪತಿಗಳ ಕೋಣೆಗೆ ಹೋದರು. ಮೇಡಂ ಇದ್ದರು, ಗುರುತಿಲ್ಲದ ಮುದುಕರೊಬ್ಬರಿದ್ದರು, ವಿಚಾರಣೆಗೆ ಹೊರಗಿನಿಂದ ಕರೆಸಿದವರಿರಬೇಕು.

"ನನಗಂತೂ ನಂಬೋಕೇ ಆಗ್ತಿಲ್ಲ ಸರ್," ಎಂದರು ಮೇಷ್ಟ್ರು. "ಮೇಡಂ ಅಂಥವರಲ್ಲ."

ಮೇಡಂ ಪತ್ರಿಕೆ ನೋಡಿ, ಸಹಿ ತಮ್ಮದರ ಹಾಗೇ ಇದೆ ಎಂದು ಒಪ್ಪಿಕೊಂಡರು. ಮೇಷ್ಟ್ರಿಗೆ ಒಳಗೊಳಗೇ ಹೆಮ್ಮೆಯಾಯಿತು.

ಕುಲಪತಿಗಳು ಪತ್ರಿಕೆಯನ್ನು ಮುದುಕರತ್ತ ಸರಿಸಿದರು. ಅವರು ಕನ್ನಡಕ ಒರೆಸಿಕೊಂಡು, ಪುಟ ತಿರುವಿ, ನಿಧಾನವಾಗಿ ತಲೆಯಾಡಿಸಿದರು. "ಇದರ ಮೌಲ್ಯಮಾಪನ ಮಾಡಿದ್ದು ನಾನು. ತಂಗಿ ಮಗಳು ಪರೀಕ್ಷೆಗೆ ಕೂತಿದ್ದಾಳೆ, ಈ ಕಟ್ಟು ನಾನು ಮುಟ್ಟಲ್ಲ ಅಂತ ಮೇಡಂ ಮೊದಲೇ ಬರೆದುಕೊಟ್ಟಿದ್ರಂತೆ. ಅದಕ್ಕೇ ನಮ್ಮ ಯೂನಿವರ್ಸಿಟಿಗೆ ಕಳಿಸಿದ್ರು. ನಾನು ಕೊಟ್ಟಿದ್ದು ಐವತ್ತೆರಡು. ತಾವು ನೋಡದೇ ಇರೋ ಪತ್ರಿಕೆಗೆ ಅವರ್ಯಾಕೆ ಸಹಿ ಹಾಕ್ತಾರೆ?" ಮೇಡಂ ಪ್ರಾಮಾಣಿಕತೆಯನ್ನು ಅಷ್ಟು ದಿನ ಸಹಿಸಲಾಗದೆ ಒದ್ದಾಡಿದ ಮೇಷ್ಟ್ರು, ಅದು ನಿಜವಿರಬಹುದೆಂದು ಮಾತ್ರ ಯೋಚಿಸಿರಲಿಲ್ಲ. ಕಟ್ಟು ವಾಪಸ್ ಬಂದಮೇಲೆ ಯಾರ ಹತ್ತಿರ ಇತ್ತು ಎಂದು ಕುಲಪತಿಗಳು ಕೇಳಿದರು. ಕಪಾಟಿನ ಬೀಗದಕೈ ಮೇಷ್ಟ್ರ ಕೈಯಲ್ಲೇ ಇತ್ತು.