ನವ್ಯಶ್ರೀಯ ಕಪ್ಪು ಗೌನು

"ಯತೀಶಣ್ಣ, ಇದ್ ಹೊಲ್ದ್ ಕೊಡ್ತ್ಯಾ? ಗುರುವಾರದೊಳಗ್ ಬೇಕ್."

ಅವಳು ಅಣ್ಣ ಎಂದಾಗಲೆಲ್ಲ ನನಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಆದರೆ ಕುಂದಾಪುರದಲ್ಲಿ ಟೈಲರ್‌ಗಳೆಲ್ಲ ಅಣ್ಣಂದಿರೇ, ಏನು ಮಾಡುವುದು?

ನವ್ಯಶ್ರೀ ಚಾಚಿದ ಮೊಬೈಲಿನಲ್ಲಿ ಕಪ್ಪು ಗೌನು ತೊಟ್ಟ ಬಿಳಿಚಿದ ಹೆಂಗಸೊಬ್ಬಳು ಹಾಳು ಬಂಗಲೆಯ ಮೆಟ್ಟಿಲಿಳಿಯುತ್ತಿದ್ದಳು. ಗಲ್ಲದವರೆಗೆ ಕಾಲರು, ಉಬ್ಬಿದ ತೋಳು, ಬೆನ್ನುದ್ದಕ್ಕೂ ಪುಟ್ಟ ಗುಂಡಿಗಳು. ನೂರೈವತ್ತು ವರ್ಷ ಹಿಂದಿನ ಇಂಗ್ಲೆಂಡಿನ ಇಂಥ ಸೀರಿಯಲ್ ಸಿಕ್ಕರೆ ಅವಳಿಗೆ ಊಟವೂ ಬೇಡ. ಈಗಾಗಲೇ ಎರಡು ಗೌನು ಹೊಲಿಸಿ, ಬಸ್ರೂರಿನ ಹಳೇ ಕಲ್ಲುಗೋಡೆಗಳ ಮುಂದೆ ರೀಲ್ಸ್ ಮಾಡಿದ್ದಳು. ಮುಖ ಬಿಗಿದು ನಿಲ್ಲುವುದು, ಕಡೆಗೆ ನಗು ತಡೆಯಲಾರದೆ ಓಡುವುದು. ಆ ನಗುವಿಗಾಗಿಯೇ ನಾನೂ ಆ ಸೀರಿಯಲ್‌ಗಳನ್ನೆಲ್ಲ ನೋಡಿ ಮುಗಿಸಿದ್ದೆ.

"ಬಿಳಿ ಗೌನ್ ಚಂದ ಇತ್ತಲೆ. ಕಪ್ಪ್ ಎಂತಕೆ?"

"ಬೇಕ್."

ಈ ಸಲ ನಗಲಿಲ್ಲ. ಪಾತ್ರದೊಳಗೆ ಹೊಕ್ಕಿದ್ದಾಳೆ ಎಂದುಕೊಂಡೆ ನಾನು, ದಡ್ಡ.

ನಾಲ್ಕು ದಿನ ಬೇರೆ ಬಟ್ಟೆ ಮುಟ್ಟಲಿಲ್ಲ. ಗೌನು ಕೊಡುವಾಗ ಮನಸ್ಸಿನಲ್ಲಿರುವುದನ್ನು ಹೇಳಿಬಿಡಬೇಕೆಂದು ಒಂದೊಂದು ಗುಂಡಿ ಹೊಲಿಯುವಾಗಲೂ ಮಾತು ಜೋಡಿಸಿದೆ.

ಗುರುವಾರ ಅವಳು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಹಿಂದಿನ ಗೌನಿನ ಅಳತೆಗೇ ಹೊಲಿದಿದ್ದೆ. ಸೊಂಟದಲ್ಲಿ ಎರಡಿಂಚು ಸಡಿಲ.

"ಊಟ ಮಾಡುದಿಲ್ಯಾ ನೀನ್?"

"ನಾಳೆ ರತನ್‌ನ ಬೊಜ್ಜ," ಎಂದಳು.

ರತನ್ ಯಾರೆಂದು ಊರಿಗೆಲ್ಲ ಗೊತ್ತಿತ್ತು. ಗಂಗೊಳ್ಳಿಯ ಆಚೆ ದೋಣಿ ಮಗುಚಿ, ಹೆಣವಾಗಿ ದಡಕ್ಕೆ ಬಂದ ಹುಡುಗ. ನಾಳೆ ಅವನ ಹದಿಮೂರನೆಯ ದಿನದ ಊಟ.

"ನಾವ್ ಮೆಚ್ಕಂಡ್ ಎರಡ್ ವರ್ಷ ಆಯ್ತ್, ಯಾರಿಗೂ ಹೇಳಿರ್ಲಿಲ್ಲ. ಮಳೆಗಾಲದಗೆ ಮನೆಗ್ ಬಂದ್ ಹೆಣ್ಣ್ ಕೇಂತೆ ಅಂದಿದ್ದ. ಅವ್ನ್ ದೂರದ ದಾಯಾದಿಗಳಿಗೂ ಸೂತಕ ಇತ್ತ್. ನಂಗ್ ಇಲ್ಲೆ. ಮೊನ್ನೆ ಪಕ್ಕದ್ ಮನೆ ನಾಮಕರಣಕ್ಕ್ ಹೋಯಿ ಪಾಯಸ ಬಡ್ಸ್ದೆ, ಯತೀಶಣ್ಣ."

ಅವಳು ಗೌನಿನ ಕಪ್ಪು ತೋಳನ್ನು ಸವರಿಕೊಂಡಳು.

"ಆ ಸೀರಿಯಲ್ಲಗೆ ದುಃಖಕ್ಕೇ ಒಂದ್ ಬಟ್ಟೆ ಇತ್ತಲೆ. ಅದನ್ ಹಾಕ್ಕಂಡ್ರೆ ಬಾಯ್ಬಿಟ್ ಹೇಳುದೇ ಬೇಡ."

ಜೋಡಿಸಿಟ್ಟ ಮಾತನ್ನೆಲ್ಲ ಬಿಟ್ಟುಬಿಟ್ಟೆ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಟ್ಟೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಪಿನ್ನು ತೆಗೆದುಕೊಂಡು ಸೊಂಟದ ಎರಡಿಂಚು ಗುರುತು ಮಾಡಿದೆ.

ಮರುದಿನ ರತನ್‌ನ ಮನೆಗೆ ನನ್ನ ಸ್ಕೂಟರಿನಲ್ಲೇ ಹೋದೆವು. ಶಾಮಿಯಾನದಡಿ ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು.

"ಯಾವ್ ಯಕ್ಷಗಾನ ಮೇಳದ್ ವೇಷ ಮಾರಾಯ್ರೆ ಇದ್?" ಎಂದರು ಯಾರೋ.

ನವ್ಯಶ್ರೀ ತಲೆ ತಗ್ಗಿಸಲಿಲ್ಲ. ಫೋಟೊದ ಪಕ್ಕ ಕೂತಿದ್ದ ರತನ್‌ನ ತಾಯಿ ಬೆಳ್ಳಿಯಮ್ಮನ ಎದುರು ಹೋಗಿ ನಿಂತಳು.

"ನೀ ಯಾರ್ ಹೆಣ್ಣೆ?"

ಅವಳು ಫೋಟೊದ ಕಡೆ ನೋಡಿದಳು. ಬೆಳ್ಳಿಯಮ್ಮ ಆ ಕಪ್ಪು ಬಟ್ಟೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ಮುಖ ನೋಡಿದರು. ಚಾಪೆಯ ಮೇಲೆ ಸ್ವಲ್ಪ ಸರಿದರು.

"ಕೂಕೋ. ಅವ ಫೋನ್ ಹಿಡ್ಕಂಡ್ ಯಾರ್ ಹತ್ರ ನಗಾಡ್ತಿದ್ದ ಅಂತ ಈಗ ಗೊತ್ತಾಯ್ತ್."

ನವ್ಯಶ್ರೀ ಆ ಮಡಿಲಲ್ಲಿ ಮುಖವಿಟ್ಟು, ಹದಿಮೂರು ದಿನದ್ದನ್ನೂ ಒಟ್ಟಿಗೆ ಅತ್ತಳು. ಮನೆಯ ಹೆಂಗಸರು ಬಂದು ಸುತ್ತ ಕೂತರು.

ಬಾಗಿಲಲ್ಲೇ ನಿಂತಿದ್ದ ನನ್ನನ್ನು ಮುದುಕರೊಬ್ಬರು ಊಟಕ್ಕೆ ಕರೆದರು. "ನೀವ್ ಆ ಹುಡ್ಗಿಗ್ ಎಂತ ಆಗ್ಬೇಕ್?"

"ಎಂತದೂ ಅಲ್ಲ," ಎಂದೆ. "ಬಟ್ಟೆ ಹೊಲ್ದವ."