ನಾನು ಅಸಲಿನಾ, ಕೇಳಿ

ನಾನು ಲಾರಿ ಡ್ರೈವರ್. ನಕಲಿ ಅಧಿಕಾರಿಗಳ ಕಾಟ ಹೆಚ್ಚಾದಾಗಿನಿಂದ, ಯಾರು ಗಾಡಿ ತಡೆದರೂ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ವಿಚಾರಿಸುತ್ತೇವೆ.

ಅಂದು ನಸುಕಿನಲ್ಲಿ ಸುಂಕದಕಟ್ಟೆಯ ಬಳಿ ಒಬ್ಬ ಇನ್ಸ್‌ಪೆಕ್ಟರ್ ಕೈ ಅಡ್ಡ ಹಿಡಿದರು. ಹೆಡ್‌ಲೈಟ್ ನೇರ ಬಿದ್ದರೂ ಅವರ ರಿಫ್ಲೆಕ್ಟರ್ ಜಾಕೆಟ್ ಹೊಳೆಯಲಿಲ್ಲ. ಗಾಡಿಯ ದಾಖಲೆ ಕೇಳದೆ, ತಮ್ಮ ಗುರುತಿನ ಚೀಟಿಯನ್ನೇ ನನ್ನ ಕೈಗೆ ಕೊಟ್ಟರು. ಅದು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

“ಫೋನ್ ಮಾಡಿ ಕೇಳಿ, ನಾನು ಅಸಲಿನಾ ಅಂತ,” ಎಂದು ಬೇಡಿಕೊಂಡರು.

ಚೀಟಿಯಲ್ಲಿದ್ದ ಮರಿಯಪ್ಪ ಎಂಬ ಹೆಸರನ್ನು ಫೋನಿನಲ್ಲಿ ಹೇಳಿದೆ. ಆ ಕಡೆಯ ಹೆಂಗಸು ದನಿ ತಗ್ಗಿಸಿದಳು.

“ಇವತ್ತು ನಿಮ್ಮನ್ನ ನಿಲ್ಸಿದ್ರಾ ಅಣ್ಣಾ? ‘ಹೌದು, ನಮ್ಮವ್ರೇ’ ಅಂತ ಹೇಳ್ಬಿಡಿ. ಹೋಗ್ತಾರೆ.”

ಹಾಗೇ ಹೇಳಿದೆ. ಅವರು ಕಣ್ಣೊರೆಸಿಕೊಂಡು, ಚೀಟಿ ತೆಗೆದುಕೊಂಡು, ನನಗೆ ಸೆಲ್ಯೂಟ್ ಹೊಡೆದು ರಸ್ತೆ ದಾಟಿದರು.

ನಾನು ನೋಡುತ್ತಿದ್ದಂತೆಯೇ ಆ ಬದಿಯಲ್ಲಿ ಇನ್ನೊಂದು ಲಾರಿ ಬ್ರೇಕ್ ಹಾಕಿ ನಿಂತಿತು. ಅದರ ಡ್ರೈವರೂ ಫೋನನ್ನು ಕಿವಿಗಿಟ್ಟುಕೊಂಡ.