ಮುದ್ದೆಗೆ ಮೂರು ಲೋಟ ನೀರು

ಒಂದು ಮುದ್ದೆಗೆ ಮೂರು ಲೋಟ ನೀರು. ಹೋದ ತಿಂಗಳು ಎರಡೇ ಲೋಟ ಸಾಕಾಗುತ್ತಿತ್ತು.

ಶಾಲಿನಿ ಎದುರು ಕುಳಿತು ಲೆಕ್ಕ ಹಾಕುತ್ತಿದ್ದಳು. ಅಜ್ಜಿ ರಾಚಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ಎದೆಯ ನಡುವೆ ಬೆರಳೊತ್ತಿ, ಕಣ್ಣು ಮುಚ್ಚಿ, ನೀರು ಕುಡಿದಳು.

“ಅಲ್ಲೇ ನಿಂತ್ಕೊಳ್ತಾ ಅಜ್ಜಿ? ಅಗಿದು ತಿನ್ನು.”

“ಮುದ್ದೇನ ಯಾರಾರ ಅಗೀತಾರಾ? ನೋಡ್ದೋರು ನಗ್ತಾರೆ ಕಣವ್ವ.” ಅಜ್ಜಿ ದನಿ ತಗ್ಗಿಸಿದಳು. “ನಿಮ್ಮಪ್ಪನ್ಗೆ ಏಳ್ಬ್ಯಾಡ. ಮುದ್ದೆ ತಪ್ಸಿ ಗಂಜಿ ಕುಡುಸ್ತಾನೆ.”

ಮಾರನೆಯ ದಿನ ವನಜಾಕ್ಷಿ ಮಿಸ್ ಕ್ಲಾಸಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ತಂದರು. ಎಣ್ಣೆ ಸವರಿದ ಗೋಲಿಯೊಂದನ್ನು ಅದರೊಳಗೆ ಹಾಕಿ, ಹಿಂದಿನಿಂದ ಹಿಂಡುತ್ತಾ ಹೋದರು. ಟ್ಯೂಬಿನ ತುದಿಯನ್ನು ಮೇಲಕ್ಕೆತ್ತಿ ಹಿಡಿದರೂ ಗೋಲಿ ಮೇಲಕ್ಕೆ ಹತ್ತಿತು.

“ನಮ್ಮ ಅನ್ನನಾಳಾನೂ ಹೀಗೇ. ಊಟ ಸುಮ್ಮನೆ ಕೆಳಗೆ ಬೀಳಲ್ಲ. ನಾಳ ಹಿಂಡಿ ಹಿಂಡಿ ತಳ್ಳುತ್ತೆ. ಹತ್ತು ಎಣಿಸೋದ್ರೊಳಗೆ ಹೊಟ್ಟೆ ಸೇರುತ್ತೆ. ಅಲ್ಲಿ ಹುಳಿರಸ ಅದನ್ನ ಕರಗಿಸುತ್ತೆ.”

“ಎಣ್ಣೆ ಯಾಕೆ ಮಿಸ್?” ಎಂದ ರಘು.

“ಅದು ನಿನ್ನ ಎಂಜಲು ಕಣೋ. ಜಾರಬೇಕಲ್ಲ.”

ಶಾಲಿನಿ ಎದ್ದು ಹೋಗಿ ಟ್ಯೂಬಿನ ತುದಿಯನ್ನು ಬಿಗಿಯಾಗಿ ಅಮುಕಿ ಹಿಡಿದಳು. ಮಿಸ್ ಎಷ್ಟು ಹಿಂಡಿದರೂ ಗೋಲಿ ಅಲ್ಲೇ ನಿಂತಿತು.

“ಹಿಂಗಾದ್ರೆ ಮಿಸ್?”

“ನಾಳ ಕಿರಿದಾಗಿದೆ ಅಂತ. ತಡ ಮಾಡದೆ ಡಾಕ್ಟರಿಗೆ ತೋರಿಸ್ಬೇಕು.”

ಸಂಜೆ ಅಪ್ಪ ಡೈರಿಗೆ ಹಾಲು ಹಾಕಲು ಹೊರಟರು. ಶಾಲಿನಿ ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು.

ಅಜ್ಜಿ ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಆಸ್ಪತ್ರೆಗೆ ಹೋಗುವಾಗ ಬಸ್ಸಿನಲ್ಲೂ ಬೇರೆ ಸೀಟಿನಲ್ಲಿ ಕುಳಿತಳು.

ಡಾಕ್ಟರು ಅಜ್ಜಿಯ ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. “ಹೊಟ್ಟೆಯ ಹುಳಿ ಮೇಲೆ ಬಂದೂ ಬಂದೂ ನಾಳ ಕಿರಿದಾಗಿತ್ತು. ಒಳಗೆ ಬಲೂನ್ ಉಬ್ಬಿಸಿ ಅಗಲ ಮಾಡಿದ್ದೀವಿ. ಮಾತ್ರೆ ನಿಲ್ಲಿಸ್ಬೇಡಿ.”

“ಮುದ್ದೆ ಬುಟ್ಬುಡ್ಬೇಕಾ ಡಾಕ್ಟ್ರೇ?” ಎಂದಳು ಅಜ್ಜಿ.

“ನಾಲ್ಕು ದಿನ ಗಂಜಿ. ಆಮೇಲೆ ಮುದ್ದೆ, ಚಿಕ್ಕ ಚಿಕ್ಕ ತುತ್ತು.”

ಐದನೆಯ ದಿನ ಅಜ್ಜಿ ನೆಲ್ಲಿಕಾಯಿಯಷ್ಟು ಮುರಿದು ನುಂಗಿದಳು. ಶಾಲಿನಿ ಮನಸ್ಸಿನಲ್ಲೇ ಎಣಿಸತೊಡಗಿದಳು. ಎಂಟಕ್ಕೆ ಬರುವಷ್ಟರಲ್ಲಿ ಅಜ್ಜಿ ಇನ್ನೊಂದು ತುತ್ತು ಮುರಿದಾಗಿತ್ತು. ಕೈ ಎದೆಯ ಕಡೆಗೆ ಹೋಗಲೇ ಇಲ್ಲ.

“ನನ್ ಬಾಯೇ ಯಾಕ್ ನೋಡ್ತೀಯ? ಚಾಡಿ ಏಳೋಳೆ, ನೀನೂ ಉಣ್ಣು.”

ಶಾಲಿನಿ ಎಣಿಸುವುದನ್ನು ಬಿಟ್ಟು ತಟ್ಟೆ ಎಳೆದುಕೊಂಡಳು.

ಅಜ್ಜಿಯ ಮುದ್ದೆ ಮುಗಿಯಿತು. ಲೋಟದಲ್ಲಿ ಅರ್ಧ ನೀರು ಹಾಗೇ ಉಳಿದಿತ್ತು.